ಉಗ್ರಾಣದಿಂದ ಮರಳಿ ಬಂದ ಖಳನಾಯಕರು

ವರ್ಷಾಂತ್ಯದಲ್ಲಿ ದಾಸ್ತಾನು ಪಟ್ಟಿಯನ್ನು ಸಿದ್ಧಪಡಿಸುವಾಗ ಪ್ರತಿಯೊಬ್ಬ ವರ್ತಕನಿಗೂ ಎದುರಾಗುವ ಪ್ರಶ್ನೆಯೊಂದಿದೆ. ವರ್ಷಗಳಿಂದ ಕದಲದೆ ಕುಳಿತಿರುವ ಸರಕನ್ನು ಬಂದ ಬೆಲೆಗೆ ವಿಲೇವಾರಿ ಮಾಡುವುದೇ ಅಥವಾ ಹೊಸ ರೂಪ ಕೊಟ್ಟು ಮತ್ತೆ ಮಾರುಕಟ್ಟೆಗೆ ತರುವುದೇ? ಅಮೆರಿಕದ ಸೂಪರ್‌ಹೀರೋ ಕಾಮಿಕ್ಸ್ ಉದ್ಯಮವು ಇದೇ ಪ್ರಶ್ನೆಯನ್ನು ಹಲವು ದಶಕಗಳಿಂದ ಎದುರಿಸುತ್ತ ಬಂದಿದೆ. ಅಲ್ಲಿನ ದಾಸ್ತಾನು ಬಟ್ಟೆಯಲ್ಲ, ಬಿಡಿಭಾಗವಲ್ಲ; ಒಂದೆರಡು ಸಂಚಿಕೆಗಳಲ್ಲಿ ಕಾಣಿಸಿಕೊಂಡು ಮರೆತುಹೋದ ಖಳನಾಯಕರು.

1939ರಲ್ಲಿ ಹುಟ್ಟಿದ ಬ್ಯಾಟ್‌ಮನ್ ಇಂದಿಗೂ ಪ್ರಕಟವಾಗುತ್ತಿದ್ದಾನೆ. ಅವನಿಗೆ ಸಂಚಿಕೆ ಸಂಚಿಕೆಗೂ ಒಬ್ಬ ಎದುರಾಳಿ ಬೇಕು. 1940ರಲ್ಲಿ ಬಂದ ಜೋಕರ್ ಜನಪ್ರಿಯನಾದನು ನಿಜ. ಆದರೆ ಅವನನ್ನೇ ಪದೇ ಪದೇ ತಂದರೆ ಓದುಗರಿಗೆ ಅವನ ಭಯವೇ ಸವೆದುಹೋಗುತ್ತದೆ. ಆದಕಾರಣ ಸಂಪಾದಕರೂ ಲೇಖಕರೂ ಆಗಾಗ ಹಳೆಯ ಸಂಚಿಕೆಗಳ ಕಟ್ಟನ್ನು ಬಿಚ್ಚಿ ನೋಡುತ್ತಾರೆ.

ಇಪ್ಪತ್ತೇಳು ವರ್ಷಗಳ ವಿರಾಮ

ಡೆಡ್‌ಶಾಟ್ ಎಂಬ ಖಳನು 1950ರಲ್ಲಿ ‘ಬ್ಯಾಟ್‌ಮನ್’ನ 59ನೆಯ ಸಂಚಿಕೆಯಲ್ಲಿ ಮೊದಲು ಕಾಣಿಸಿಕೊಂಡನು. ಆ ಕಾಲದಲ್ಲಿ ಪುಸ್ತಕದ ಬೆಲೆ 10 ಸೆಂಟ್. ಉದ್ದನೆಯ ಟೋಪಿ, ಔತಣಕೂಟದ ಸೂಟು ಧರಿಸಿ, ಗುರಿ ತಪ್ಪದೆ ಗುಂಡು ಹಾರಿಸುವ ಈತನು ಸೆರೆಮನೆ ಸೇರಿದ ಬಳಿಕ ಯಾರಿಗೂ ನೆನಪಾಗಲಿಲ್ಲ. 1977ರಲ್ಲಿ ಲೇಖಕ ಸ್ಟೀವ್ ಎಂಗಲ್‌ಹಾರ್ಟ್ ಮತ್ತು ಚಿತ್ರಕಾರ ಮಾರ್ಷಲ್ ರಾಜರ್ಸ್ ಅವನನ್ನು ಮತ್ತೆ ಕರೆತಂದರು. ಹೆಸರು ಹಾಗೂ ಗುರಿಕಾರಿಕೆಯನ್ನು ಉಳಿಸಿಕೊಂಡು, ಟೋಪಿ ಸೂಟುಗಳ ಬದಲು ಒಂದು ಕಣ್ಣಿಗೆ ಗುರಿದರ್ಶಕವಿರುವ ಮುಖವಾಡವನ್ನೂ ಮಣಿಕಟ್ಟಿಗೆ ಬಂದೂಕನ್ನೂ ಕೊಟ್ಟರು.

1987ರಲ್ಲಿ ಲೇಖಕ ಜಾನ್ ಆಸ್ಟ್ರಾಂಡರ್ ಆರಂಭಿಸಿದ ‘ಸೂಸೈಡ್ ಸ್ಕ್ವಾಡ್’ ಮಾಲಿಕೆಯಲ್ಲಿ ಈತನು ಪ್ರಮುಖ ಪಾತ್ರವಾದನು. ಶಿಕ್ಷೆ ಕಡಿಮೆಯಾದೀತೆಂಬ ಆಸೆಯಿಂದ ಸರ್ಕಾರದ ಅಪಾಯಕರ ಕೆಲಸಗಳಿಗೆ ಹೊರಡುವ ಕೈದಿಗಳ ಕಥೆಯದು. ದೊಡ್ಡ ಖಳರನ್ನು ಕೊಲ್ಲಲು ಸಂಸ್ಥೆ ಒಪ್ಪುವುದಿಲ್ಲ. ಮರೆತುಹೋದವರಿಗೆ ಆ ರಕ್ಷಣೆ ಇಲ್ಲ. ಯಾರು ಬದುಕುವರೋ ಯಾರು ಸಾಯುವರೋ ಎಂಬ ನಿಜವಾದ ಆತಂಕವು ಓದುಗರನ್ನು ಹಿಡಿದಿಟ್ಟಿತು. ಅಂದರೆ, ಬೇಡಿಕೆಯಿಲ್ಲದಿರುವುದೇ ಇಲ್ಲಿ ಗುಣವಾಗಿ ಪರಿಣಮಿಸಿತು! ಅದೇ ಹೆಸರಿನ 2016ರ ಚಲನಚಿತ್ರದಲ್ಲಿ ಡೆಡ್‌ಶಾಟ್ ಪಾತ್ರವನ್ನು ನಟ ವಿಲ್ ಸ್ಮಿತ್ ವಹಿಸಿದರು. ಆ ಚಿತ್ರವು ವಿಶ್ವಾದ್ಯಂತ 74 ಕೋಟಿ ಡಾಲರ್‌ಗೂ ಅಧಿಕ ಮೊತ್ತವನ್ನು ಗಳಿಸಿತು.

ಹೆಸರಲ್ಲ, ಕಾರಣ ಬದಲಾಯಿತು

ಮಿಸ್ಟರ್ ಫ್ರೀಜ್‌ನ ಪ್ರಕರಣವು ಇನ್ನೂ ಬೋಧಪ್ರದವಾಗಿದೆ. 1959ರಲ್ಲಿ ಮಿಸ್ಟರ್ ಝೀರೋ ಎಂಬ ಹೆಸರಿನಿಂದ ಬಂದ ಈತನು ಮಂಜಿನ ಬಂದೂಕು ಹಿಡಿದ ಸಾಮಾನ್ಯ ಕಳ್ಳ. 1966ರ ದೂರದರ್ಶನ ಧಾರಾವಾಹಿಯು ಹೆಸರನ್ನು ಬದಲಿಸಿತು. ಕಳ್ಳತನ ಮಾತ್ರ ಹಾಗೆಯೇ ಉಳಿಯಿತು. 1992ರ ಅನಿಮೇಷನ್ ಸರಣಿಯ ‘ಹಾರ್ಟ್ ಆಫ್ ಐಸ್’ ಕಂತಿನಲ್ಲಿ ಲೇಖಕ ಪಾಲ್ ಡಿನಿ ಅವನಿಗೊಂದು ಕಾರಣವನ್ನು ಕೊಟ್ಟರು. ರೋಗಪೀಡಿತ ಪತ್ನಿಯನ್ನು ಶೈತ್ಯದಲ್ಲಿರಿಸಿ ಉಳಿಸಿಕೊಳ್ಳಲು ಯತ್ನಿಸುತ್ತಿದ್ದ ವಿಜ್ಞಾನಿ ಅವನು. ಖರ್ಚಿನ ನೆಪವೊಡ್ಡಿ ಆ ಪ್ರಯೋಗವನ್ನು ನಿಲ್ಲಿಸಿದವನು ಕಂಪನಿಯ ಮುಖ್ಯಸ್ಥ. ಈ ಕಂತಿನ ಬರವಣಿಗೆಗೆ ಎಮ್ಮಿ ಪ್ರಶಸ್ತಿ ದೊರೆಯಿತು. ಕಾಮಿಕ್ಸ್ ಪುಸ್ತಕಗಳೂ ಬಳಿಕ ಇದೇ ಕಥೆಯನ್ನು ಅಂಗೀಕರಿಸಿದವು. ಬಣ್ಣ ಬಳಿದ ಮಾತ್ರಕ್ಕೆ ಹಳೆಯ ಸರಕು ಹೊಸದಾಗುವುದಿಲ್ಲ, ಗ್ರಾಹಕನಿಗೆ ಅದು ಏಕೆ ಬೇಕೆಂಬುದಕ್ಕೆ ಹೊಸ ಉತ್ತರ ಬೇಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇದಕ್ಕೆ ವ್ಯತಿರಿಕ್ತವಾದ ಮಾರ್ಗವನ್ನೂ ಉದ್ಯಮವು ಪ್ರಯೋಗಿಸಿದೆ. 1986ರಲ್ಲಿ ಮಾರ್ವೆಲ್ ಸಂಸ್ಥೆಯ ‘ಕ್ಯಾಪ್ಟನ್ ಅಮೆರಿಕ’ದ 319ನೆಯ ಸಂಚಿಕೆಯಲ್ಲಿ, ಒಂದು ಮದ್ಯದಂಗಡಿಯಲ್ಲಿ ಸೇರಿದ್ದ ಹತ್ತಕ್ಕೂ ಹೆಚ್ಚು ಸಣ್ಣ ಖಳರನ್ನು ಒಂದೇ ಬಾರಿಗೆ ಕೊಲ್ಲಿಸಲಾಯಿತು. ಉಗ್ರಾಣ ಖಾಲಿಯಾಯಿತು. ಆದರೆ 2013ರಲ್ಲಿ ಅದೇ ಸಂಸ್ಥೆಯು ಬೂಮರ್‌ಯಾಂಗ್ ಮೊದಲಾದ ಅಂಥದೇ ಸಣ್ಣ ಖಳರನ್ನು ನಾಯಕರನ್ನಾಗಿಸಿ ‘ಸುಪೀರಿಯರ್ ಫೋಸ್ ಆಫ್ ಸ್ಪೈಡರ್‌ಮ್ಯಾನ್’ ಎಂಬ ಮಾಲಿಕೆಯನ್ನು 17 ಸಂಚಿಕೆಗಳವರೆಗೆ ನಡೆಸಿತು.

ತಯಾರಿಸಿದವನ ಪಾಲು

ಹೊಸ ಖಳನನ್ನೇ ಸೃಷ್ಟಿಸಬಾರದೇಕೆ? ಇಲ್ಲಿ ವ್ಯವಹಾರದ ಸೂಕ್ಷ್ಮವಿದೆ. ಹಳೆಯ ಪಾತ್ರಗಳ ಒಡೆತನ ಪ್ರಕಾಶಕರದು. ಆದರೆ 1992ರಲ್ಲಿ ಮಾರ್ವೆಲ್‌ನ ಹೆಸರಾಂತ ಚಿತ್ರಕಾರರು ಹೊರಬಂದು ಇಮೇಜ್ ಕಾಮಿಕ್ಸ್ ಸ್ಥಾಪಿಸಿದ ಮೇಲೆ, ಹೊಸ ಕಲ್ಪನೆಯನ್ನು ತಮ್ಮ ಒಡೆತನದಲ್ಲೇ ಇಟ್ಟುಕೊಳ್ಳುವ ದಾರಿ ಲೇಖಕ ಚಿತ್ರಕಾರರಿಗೆ ತೆರೆಯಿತು. ತನ್ನ ಉತ್ತಮ ಕಲ್ಪನೆಯನ್ನು ಪರರ ಖಾತೆಗೆ ಬರೆಯಲು ಯಾರು ತಾನೇ ಬಯಸುತ್ತಾರೆ?

ಈ ಎಚ್ಚರಿಕೆಗೆ ಕಾರಣವಿದೆ. ಒಗಟುಗಳನ್ನೊಡ್ಡುವ ರಿಡ್ಲರ್ ಎಂಬ ಖಳನನ್ನು 1948ರಲ್ಲಿ ಲೇಖಕ ಬಿಲ್ ಫಿಂಗರ್ ಮತ್ತು ಚಿತ್ರಕಾರ ಡಿಕ್ ಸ್ಪ್ರ್ಯಾಂಗ್ ರೂಪಿಸಿದರು. ಎರಡೇ ಕಥೆಗಳ ನಂತರ ಮರೆಯಾದ ಅವನು 1965ರಲ್ಲಿ ಮರಳಿದನು. ಮರುವರ್ಷ ದೂರದರ್ಶನ ಧಾರಾವಾಹಿಯ ಮೊದಲ ಕಂತಿನಲ್ಲೇ ಕಾಣಿಸಿಕೊಂಡು ಮನೆಮಾತಾದನು. ಬ್ಯಾಟ್‌ಮನ್‌ನ ಸೃಷ್ಟಿಯಲ್ಲೂ ಪ್ರಧಾನ ಪಾತ್ರ ವಹಿಸಿದ್ದ ಫಿಂಗರ್ 1974ರಲ್ಲಿ ನಿಧನರಾದರು. ಬ್ಯಾಟ್‌ಮನ್‌ನ ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರಿಗೆ ಅಧಿಕೃತ ಸ್ಥಾನ ದೊರೆತದ್ದು 2015ರಲ್ಲಿ. ಸರಕಿಗೆ ಬೆಲೆ ಬಂದಿತು, ತಯಾರಿಸಿದವನಿಗೆ ಬರಲಿಲ್ಲ.

ನಮ್ಮ ವರ್ತಕರಿಗೂ ಸಣ್ಣ ಉತ್ಪಾದಕರಿಗೂ ಇದರಲ್ಲಿ ಪಾಠವಿದೆ. ಹಳೆಯ ಅಚ್ಚು, ವಿನ್ಯಾಸ, ಬ್ರ್ಯಾಂಡ್ ಹೆಸರುಗಳನ್ನು ಗುಜರಿಗೆ ಹಾಕುವ ಮುನ್ನ ಪಟ್ಟಿ ಮಾಡಿಡುವುದು ಒಳಿತು. ಅವುಗಳನ್ನು ರೂಪಿಸಿದವರು ಯಾರು, ಒಪ್ಪಂದವೇನಿತ್ತು ಎಂಬುದನ್ನೂ ಬರೆದಿಡಬೇಕು. ಹೆಸರನ್ನು ಅತಿ ದೀರ್ಘಕಾಲ ಮಲಗಿಸುವುದೂ ಅಪಾಯಕರ. ಭಾರತದ 1999ರ ಟ್ರೇಡ್ ಮಾರ್ಕ್ಸ್ ಕಾಯಿದೆಯ 47ನೆಯ ವಿಧಿಯಂತೆ, ನೋಂದಣಿಯ ನಂತರ ನಿರಂತರ ಐದು ವರ್ಷ ಮೂರು ತಿಂಗಳು ಬಳಸದೆ ಬಿಟ್ಟ ಹೆಸರನ್ನು ತೆಗೆದುಹಾಕುವಂತೆ ಬಾಧಿತರು ಅರ್ಜಿ ಸಲ್ಲಿಸಲು ಅವಕಾಶವಿದೆ. ಡೆಡ್‌ಶಾಟ್ ಇಪ್ಪತ್ತೇಳು ವರ್ಷ ಕಾಯಬಹುದಾಗಿತ್ತು. ನಮ್ಮ ಬ್ರ್ಯಾಂಡುಗಳಿಗೆ ಅಷ್ಟು ಕಾಲಾವಕಾಶವಿಲ್ಲ.