ಇಂಟರ್ನೆಟ್ ಕಾಣದವರ ನಗು

ಐಟ್ಯೂನ್ಸ್‌ನಲ್ಲಿ ಒಂದು ಹಾಡಿಗೆ 99 ಸೆಂಟ್ ಇದ್ದ ಕಾಲ. 2007ರ ಅಕ್ಟೋಬರ್‌ನಲ್ಲಿ ಅಮೆರಿಕದ ಮಿನೆಸೋಟಾ ರಾಜ್ಯದ ಡುಲುತ್ ಊರಿನ ಕೋರ್ಟಿನಲ್ಲಿ ಹನ್ನೆರಡು ಮಂದಿ ಜನಸಾಮಾನ್ಯರು ಕೂತು, ಇಂಟರ್ನೆಟ್‌ನಲ್ಲಿ ಅನುಮತಿಯಿಲ್ಲದೆ ಹಂಚಿದ 24 ಹಾಡುಗಳಿಗೆ 2,22,000 ಡಾಲರ್ ಪರಿಹಾರ ನಿಗದಿ ಮಾಡಿದರು. ಕಟ್ಟಬೇಕಾದವರು ಒಬ್ಬ ಸಾಧಾರಣ ಮಹಿಳೆ. ದಾವೆ ಹೂಡಿದ್ದು ಕ್ಯಾಪಿಟಲ್ ಮತ್ತಿತರ ರೆಕಾರ್ಡ್ ಕಂಪನಿಗಳು. ನಮ್ಮಲ್ಲಿ ಬಹುಮಟ್ಟಿಗೆ ನಾನಾವತಿ ಕೊಲೆ ಪ್ರಕರಣದ ನೆನಪಾಗಿಯಷ್ಟೇ ಉಳಿದಿರುವ ಜ್ಯೂರಿ ಪದ್ಧತಿ ಅಲ್ಲಿ ಸಿವಿಲ್ ದಾವೆಗಳಲ್ಲೂ ಜೀವಂತ.

ತೀರ್ಪಿನ ಬಳಿಕ ಆ ಹನ್ನೆರಡರಲ್ಲಿ ಒಬ್ಬರು, ತಾವು ಇಂಟರ್ನೆಟ್ ಬಳಸಿಯೇ ಇಲ್ಲ ಎಂದು ಪತ್ರಕರ್ತರಿಗೆ ಹೇಳಿದರು. ಕಂಪ್ಯೂಟರ್ ಬಲ್ಲವರೆಲ್ಲ ಹಣೆ ಚಚ್ಚಿಕೊಂಡರು. ಯಾರೋ ಆಕೆಯ ಐಪಿ ವಿಳಾಸವನ್ನು ನಕಲು ಮಾಡಿರಬಹುದು ಎಂಬ ವಾದ ಜ್ಯೂರಿಗೆ ನಗು ತರಿಸಿತ್ತಂತೆ.

ಸೋಜಿಗವೆಂದರೆ, ಆ ನಗು ಸರಿಯಾಗಿಯೇ ಇತ್ತು. ಕಾಗದದ ಹಿಂಬದಿಯಲ್ಲಿ ಪಕ್ಕದ ಮನೆಯವರ ವಿಳಾಸ ಬರೆದು ಅಂಚೆಗೆ ಹಾಕಬಹುದು. ಉತ್ತರ ಮಾತ್ರ ಪಕ್ಕದ ಮನೆಗೇ ಹೋಗುತ್ತದೆ. ಹಾಡಿನ ಕಡತ ಸಾಗುವುದು ಸಾವಿರಾರು ಚೂರುಗಳಾಗಿ. ಚೂರುಗಳು ತಲುಪಿದಂತೆಲ್ಲ 'ಬಂತು, ಮುಂದಿನದು ಕಳಿಸು' ಎಂಬ ಮರುಮಾತು ಕಳಿಸಿದವರಿಗೆ ಮುಟ್ಟುತ್ತಿರಬೇಕು. ಸುಳ್ಳು ವಿಳಾಸ ಹೊತ್ತವನಿಗೆ ಆ ಮರುಮಾತು ಸಿಗುವುದು ಸುಲಭವಲ್ಲ.

ಐಪಿ ವಿಳಾಸ ಮನುಷ್ಯನ ಹೆಸರಲ್ಲ, ಸಂಪರ್ಕದ ನಂಬರು ಎಂಬ ಆಕ್ಷೇಪಕ್ಕೆ ತೂಕವಿದೆ. ವಠಾರಕ್ಕೆಲ್ಲ ಒಂದೇ ಫೋನಿದ್ದ ಕಾಲದಲ್ಲಿ ಬಿಲ್ ಬರುತ್ತಿದ್ದದ್ದು ಮನೆ ಮಾಲೀಕರ ಹೆಸರಿಗೆ, ಮಾತಾಡಿದವರು ಯಾರೋ. ಮನೆಯಲ್ಲಿ ವೈಫೈ ರೂಟರ್ ಇದ್ದರೆ ಇದೇ ಕಥೆ. ಆದರೆ ಈ ಪ್ರಕರಣದಲ್ಲಿ ರೂಟರ್ ಇದ್ದ ಕುರುಹು ಸಿಗಲಿಲ್ಲ ಎಂದು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ತಜ್ಞರು ಸಾಕ್ಷಿ ನುಡಿದರು. ಹಾಡು ಹಂಚಿಕೊಳ್ಳುವ ಕಝಾ ತಂತ್ರಾಂಶ ತಾನು ಕೂತ ಯಂತ್ರದ ವಿಳಾಸವನ್ನು ತಾನೇ ಸಾರುತ್ತಿತ್ತು. ನಡುವೆ ರೂಟರ್ ಇದ್ದಿದ್ದರೆ ಅಲ್ಲಿ 192.168 ಎಂದು ಶುರುವಾಗುವಂಥ ಒಳಮನೆಯ ನಂಬರು ಕಾಣಬೇಕಿತ್ತು. ಕೇಬಲ್ ಮೋಡೆಮ್‌ನ ಗುರುತು, ಆಕೆ ಬೇರೆಡೆಯೂ ಬಳಸುತ್ತಿದ್ದ ಅದೇ ಅಡ್ಡಹೆಸರು, ಪತ್ತೆಯಾದ ಕೆಲವೇ ವಾರಗಳಲ್ಲಿ ಬದಲಾದ ಹಾರ್ಡ್ ಡ್ರೈವ್ ಎಲ್ಲವೂ ಒಂದೇ ಕಡೆ ಬೆರಳು ತೋರಿದವು. ಕೊನೆಯ ಎರಡನ್ನು ತೂಗಲು ಇಂಟರ್ನೆಟ್ ಗೊತ್ತಿರಬೇಕಿಲ್ಲ, ಸಂಸಾರ ಗೊತ್ತಿದ್ದರೆ ಸಾಕು.

ನನ್ನ ಮಟ್ಟಿಗೆ ಅಜ್ಞಾನ ಕಾಡಿದ್ದು ಲೆಕ್ಕದಲ್ಲಿ. ಹಂಚಿಕೆಯ ಫೋಲ್ಡರಿನಲ್ಲಿ 1,702 ಹಾಡು ಕಂಡಿದ್ದವು. ಅವನ್ನು ಎಷ್ಟು ಜನ ಎಷ್ಟು ಸಲ ಇಳಿಸಿಕೊಂಡರು? ಇಂಥ ಜಾಲದಲ್ಲಿ ಖಾತೆ ಬರೆಯುವ ಗುಮಾಸ್ತನಿಲ್ಲ. ಕಂಪನಿಗಳ ಪರ ತನಿಖೆ ಮಾಡಿದವರು ಇಳಿಸಿಕೊಂಡದ್ದಕ್ಕಷ್ಟೇ ನೇರ ಪುರಾವೆ. ಕಾನೂನೋ ಒಂದು ಕೃತಿಗೆ 750ರಿಂದ, ಬೇಕೆಂದೇ ಮಾಡಿದ್ದರೆ 1,50,000 ಡಾಲರ್‌ವರೆಗೆ ಎಂದು ಬಯಲು ಬಿಟ್ಟಿತ್ತು. ಜ್ಯೂರಿಯ ಕೊಠಡಿಯೊಳಗೆ ಕೆಲವರು ಮೇಲಿನ ತುದಿ ಹಿಡಿದರಂತೆ, ಒಬ್ಬರು ಕೆಳಗಿನದು. ಎಳೆದಾಡಿ ನಿಂತದ್ದು ಹಾಡಿಗೆ 9,250ಕ್ಕೆ. ಅದು ನಷ್ಟದ ಅಳತೆಯಲ್ಲ, ಚೌಕಾಸಿ.

ಎಡವಿದ್ದು ಜ್ಯೂರಿ ಮಾತ್ರವಲ್ಲ. ಫೋಲ್ಡರಿನಲ್ಲಿ ತೆರೆದಿಟ್ಟರೇ ಹಂಚಿದಂತೆ ಎಂದು ಜ್ಯೂರಿಗೆ ಸೂಚಿಸಿದ್ದು ನ್ಯಾಯಾಧೀಶ ಮೈಕೆಲ್ ಡೇವಿಸ್. ಆ ಸೂಚನೆ ತಪ್ಪಾಯಿತೆಂದು 2008ರಲ್ಲಿ ಅವರೇ ಒಪ್ಪಿ ಮರುವಿಚಾರಣೆಗೆ ಆದೇಶಿಸಿದರು. 2009ರಲ್ಲಿ ಹೊಸ ಜ್ಯೂರಿ 19,20,000 ಡಾಲರ್ ಎಂದಿತು. ಡೇವಿಸ್ ಅದನ್ನು 54,000ಕ್ಕೆ ಇಳಿಸಿದರು, ಕಂಪನಿಗಳು ಒಪ್ಪಲಿಲ್ಲ. 2010ರಲ್ಲಿ ಮೂರನೆಯ ಜ್ಯೂರಿ 15,00,000 ಎಂದಿತು, ಅವರು ಮತ್ತೆ 54,000ಕ್ಕೆ ತಂದರು. ಹಾಡುಗಳು ಅವೇ 24.

2012ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಇಳಿಕೆಯನ್ನು ರದ್ದುಮಾಡಿ, ಮೊದಲ ಜ್ಯೂರಿಯ ಮೊತ್ತವನ್ನೇ ಮರಳಿ ಹೇರಿತು. ಮರುವರ್ಷ ಸುಪ್ರೀಂ ಕೋರ್ಟ್ ಪ್ರಕರಣವನ್ನು ಕೈಗೆತ್ತಿಕೊಳ್ಳಲಿಲ್ಲ. ಕೊನೆಗೆ ನಿಂತದ್ದು 2,22,000, ಡುಲುತ್‌ನ ಆ ಹನ್ನೆರಡು ಮಂದಿ ಕೊಠಡಿಯೊಳಗೆ ಚೌಕಾಸಿ ಮಾಡಿ ಬರೆದುಕೊಟ್ಟ ಅಂಕಿ.