ಬೀಳಗಿಯ ಅಮೀರಬಾಯಿ ಕರ್ನಾಟಕಿ: ಅವರ ಹಾಡುಗಳನ್ನು ಎಲ್ಲಿಂದ ಕೇಳತೊಡಗಬೇಕು?

ಭಂಡಾರಕವಠೆ, ಸೊಲ್ಲಾಪುರ, ಅಕ್ಕಲಕೋಟೆಗಳ ಕನ್ನಡ ಶಾಲೆಗಳಲ್ಲಿ ಸ್ನೇಹಸಮ್ಮೇಳನದ ದಿನಗಳು ಸಮೀಪಿಸಿದಾಗ ಪಾಲಕರ ಮುಂದೆ ಬರುವ ಪ್ರಶ್ನೆ ಒಂದೇ: ಮಗು ಯಾವ ಹಾಡನ್ನು ಹಾಡಬೇಕು? ಕನ್ನಡದ್ದೆಂದರೆ ಬೆಂಗಳೂರಿನ ಚಲನಚಿತ್ರದ ಹಾಡು, ಮರಾಠಿಯದೆಂದರೆ ಪುಣೆಯದು, ಹಿಂದಿಯದೆಂದರೆ ಮುಂಬಯಿಯದು. ನಮ್ಮ ಸೀಮೆಯದೇ ಆದ ಒಂದು ಕಂಠ ಹಿಂದಿ ಚಿತ್ರಸಂಗೀತದ ಆರಂಭಕಾಲವನ್ನು ಆಳಿತ್ತೆಂಬುದು ಆ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ. ಅಮೀರಬಾಯಿ ಕರ್ನಾಟಕಿಯವರ ಹೆಸರನ್ನು ಹಿರಿಯರು ಕೇಳಿರುತ್ತಾರೆ, ಆದರೆ ಅವರ ಹಾಡೊಂದನ್ನು ಹೆಸರಿಸಿರೆಂದರೆ ತಡವರಿಸುತ್ತಾರೆ. ಅವರ ಧ್ವನಿಮುದ್ರಿಕೆಗಳನ್ನು ಯಾವ ಕ್ರಮದಲ್ಲಿ ಕೇಳಬೇಕೆಂಬುದನ್ನು ತಿಳಿಸುವುದಕ್ಕಾಗಿ ಈ ಬರಹ.

ಸೊಲ್ಲಾಪುರದಿಂದ ಹುಬ್ಬಳ್ಳಿಗೆ ಸಾಗುವ ಹೆದ್ದಾರಿ ಮೊದಲು ಭೀಮೆಯನ್ನು ದಾಟುತ್ತದೆ, ವಿಜಯಪುರವನ್ನು ಹಾದು ಕೊಲ್ಹಾರದ ಬಳಿ ಕೃಷ್ಣೆಯನ್ನು ದಾಟುತ್ತದೆ. ಆಚೆಯ ದಡದ ಸೀಮೆಯೇ ಬೀಳಗಿ. ಇಂದು ಅದು ಬಾಗಲಕೋಟೆ ಜಿಲ್ಲೆಗೆ ಸೇರಿದೆ, ಆಗ ಬಿಜಾಪುರ ಜಿಲ್ಲೆಯಲ್ಲಿತ್ತು. ಕಳೆದ ಶತಮಾನದ ಮೊದಲ ದಶಕದಲ್ಲಿ ಆ ಊರಿನಲ್ಲಿ ಹುಟ್ಟಿದ ಅಮೀರಬಾಯಿ, ಅಕ್ಕ ಗೋಹರಬಾಯಿಯಂತೆಯೇ ಹಾಡುಗಾರಿಕೆಯನ್ನು ನೆಚ್ಚಿ ಮುಂಬಯಿಯ ದಾರಿ ಹಿಡಿದರು. ಗೋಹರಬಾಯಿ ಮರಾಠಿ ರಂಗಭೂಮಿಗೆ ಸೇರಿ ಬಾಲಗಂಧರ್ವರೊಡನೆ ನಟಿಸಿ ಹಾಡಿದರು. ಅಮೀರಬಾಯಿಗೆ ಗ್ರಾಮಫೋನ್ ತಟ್ಟೆಯೂ ಚಲನಚಿತ್ರವೂ ಒಲಿದವು. 1934ರ ‘ವಿಷ್ಣುಭಕ್ತಿ’ಯಿಂದ ಆರಂಭವಾದ ಆ ಬಾಳು 1965ರ ಮಾರ್ಚ್ 3ರಂದು ಮುಗಿಯಿತು. ಅವರನ್ನು ಸಮಾಧಿ ಮಾಡಿದ್ದು ಬಿಜಾಪುರದಲ್ಲಿ. ಆ ನಗರದ ಅಮೀರ್ ಟಾಕೀಸ್ ಅವರ ಹೆಸರನ್ನೇ ಹೊತ್ತ ಚಿತ್ರಮಂದಿರ.

ಹಳೆಯ ಕಲಾವಿದರನ್ನು ಹುಟ್ಟಿದ ವರ್ಷದಿಂದ ಮೊದಲ್ಗೊಂಡು ಕ್ರಮವಾಗಿ ಕೇಳಬೇಕೆಂದು ಕೆಲವರು ಹಟ ಹಿಡಿಯುತ್ತಾರೆ. ನನ್ನ ಮಾತು ಬೇರೆ. ಮಕ್ಕಳೊಡನೆ ಕೇಳುವಾಗ ಹಿಂದುಮುಂದಾಗಿ ನಡೆಯುವುದೇ ಲೇಸು, ತಿಳಿದ ಹಾಡಿನಿಂದ ತಿಳಿಯದ ಹಾಡಿನ ಕಡೆಗೆ. ತಿಳಿದ ಹಾಡು ಯಾವುದು? 1950ರ ‘ಸಮಾಧಿ’ ಚಿತ್ರದ ‘ಗೋರೆ ಗೋರೆ’. ಈ ಹಾಡನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಲತಾ ಮಂಗೇಶಕರರ ಹಾಡೆಂದೇ ಎಲ್ಲರೂ ಹೇಳುತ್ತಾರೆ. ಆದರೆ ಅದು ಇಬ್ಬರ ಹಾಡು. ಒಂದು ಕಂಠ ಕರೆಯುತ್ತದೆ, ಮತ್ತೊಂದು ಕಂಠ ಉತ್ತರ ಕೊಡುತ್ತದೆ. ಆ ಎರಡನೆಯ ಕಂಠ ಅಮೀರಬಾಯಿಯವರದು.

ಹಾಡನ್ನು ಎರಡು ಸಲ ಕೇಳಿಸಿರಿ. ಮೊದಲ ಸಲ ಮಕ್ಕಳು ತಮ್ಮ ಪಾಡಿಗೆ ಕುಣಿಯಲಿ, ಅದು ಕುಣಿಸುವ ಹಾಡೇ ಸರಿ. ಸಂಗೀತ ನಿರ್ದೇಶಕ ಸಿ. ರಾಮಚಂದ್ರರು ಈ ಧಾಟಿಯನ್ನು ಅಮೆರಿಕದ ಚಲನಚಿತ್ರವೊಂದರಲ್ಲಿ ಕಾರ್ಮೆನ್ ಮಿರಾಂಡಾ ಹಾಡಿದ್ದ ಗೀತೆಯಿಂದ ಎತ್ತಿಕೊಂಡಿದ್ದರು. ಎರಡನೆಯ ಸಲ ಉತ್ತರ ಕೊಡುವ ಕಂಠ ಬಂದಾಗಲೆಲ್ಲ ಕೈಯೆತ್ತಬೇಕೆಂದು ಮಕ್ಕಳಿಗೆ ಹೇಳಿರಿ. ಲತಾ ಅವರದು ಎಳೆಯ, ತೆಳುವಾದ, ಮೇಲಿನ ಸ್ವರಗಳಲ್ಲಿ ಹಗುರಾಗಿ ಆಡುವ ದನಿ. ಅಮೀರಬಾಯಿಯವರದು ಎದೆಯಿಂದ ಬರುವ ದನಿ, ತುಸು ತೂಕವುಳ್ಳದ್ದು. ನುಡಿಯ ಕೊನೆಯಲ್ಲಿ ಒಂದು ಚಿಕ್ಕ ಒತ್ತು ಬೀಳುತ್ತದೆ. ಧ್ವನಿವರ್ಧಕವಿಲ್ಲದ ಕಾಲದ ನಾಟಕಗಳಲ್ಲಿ ಕೊನೆಯ ಸಾಲಿನವರೆಗೂ ಮಾತು ಮುಟ್ಟಿಸುತ್ತಿದ್ದ ಗಾಯಕಿಯರ ಪರಂಪರೆ ಅದರಲ್ಲಿ ಕೇಳಿಸುತ್ತದೆ. ಒಮ್ಮೆ ಈ ವ್ಯತ್ಯಾಸ ಕಿವಿಗೆ ಹತ್ತಿತೆಂದರೆ ಅಮೀರಬಾಯಿಯವರನ್ನು ಯಾವ ಹಾಡಿನಲ್ಲಾದರೂ ಗುರುತಿಸಬಹುದು.

ಅಲ್ಲಿಂದ ಮೂರು ವರ್ಷ ಹಿಂದಕ್ಕೆ ಬನ್ನಿರಿ. 1947ರ ‘ಶಹನಾಯಿ’ಗೂ ಸಿ. ರಾಮಚಂದ್ರರದೇ ಸಂಗೀತ. ಅದರಲ್ಲಿ ಅಮೀರಬಾಯಿ ಒಬ್ಬರೇ ಹಾಡಿದ ‘ಮಾರ ಕಟಾರಿ’ ಇದೆ. ಒಂದು ಸಲ ಕೇಳಿದರೆ ಸಾಕು. ಅದಕ್ಕೂ ಹಿಂದಿನ ‘ರತನ್’ (1944) ಮಾತ್ರ ಬಿಡುವು ಮಾಡಿಕೊಂಡು ಕೇಳತಕ್ಕದ್ದು. ನೌಷಾದರ ಹೆಸರನ್ನು ದೇಶಕ್ಕೆಲ್ಲ ಹರಡಿದ ಚಿತ್ರವದು. ಅಲ್ಲಿಯ ‘ಮಿಲ್‌ಕೆ ಬಿಛಡ್ ಗಯೀ’ ವಿರಹದ ಹಾಡು. ಅಮೀರಬಾಯಿ ಅದರಲ್ಲಿ ಅಳುವುದಿಲ್ಲ. ದುಃಖವನ್ನು ದನಿಯ ನಡುಕದಿಂದ ತೋರಿಸುವ ಬದಲು ಸ್ವರವನ್ನು ನೇರವಾಗಿ ನಿಲ್ಲಿಸಿ, ಬಿಡುವಾಗ ಮಾತ್ರ ತುಸು ಬಾಗಿಸುತ್ತಾರೆ. ಒಂದು ಎಚ್ಚರಿಕೆಯ ಮಾತು: ಇದೇ ಚಿತ್ರದ ಬೇರೆ ಹಾಡುಗಳನ್ನು ಜೊಹರಾಬಾಯಿ ಅಂಬಾಲೆವಾಲಿ ಹಾಡಿದ್ದಾರೆ. ಇಬ್ಬರದೂ ತುಂಬುದನಿ, ಇಬ್ಬರ ಹೆಸರೂ ‘ಬಾಯಿ’ ಎಂದು ಮುಗಿಯುತ್ತದೆ. ಆದುದರಿಂದ ಅಂತರ್ಜಾಲದಲ್ಲಿ ಒಬ್ಬರ ಹಾಡಿಗೆ ಇನ್ನೊಬ್ಬರ ಹೆಸರು ಅಂಟಿಕೊಂಡಿರುವುದುಂಟು. ಶೀರ್ಷಿಕೆಗಿಂತ ನಿಮ್ಮ ಕಿವಿಯನ್ನೇ ನಂಬಿರಿ.

ಈಗ ‘ಕಿಸ್ಮತ್’. ಒಂದೇ ಚಿತ್ರ ಕೇಳಲು ಬಿಡುವಿದ್ದವರು ಉಳಿದವನ್ನೆಲ್ಲ ಬಿಟ್ಟು ಇದನ್ನೇ ಕೇಳಲಿ. ಬಾಂಬೆ ಟಾಕೀಸ್ ಸಂಸ್ಥೆ 1943ರಲ್ಲಿ ಬಿಡುಗಡೆ ಮಾಡಿದ ಈ ಚಿತ್ರ ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕಿ ನಡೆಯಿತು. ಅನಿಲ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಗೀತೆಗಳು, ನಾಯಕಿ ಮುಮ್ತಾಜ್ ಶಾಂತಿ. ತೆರೆಯ ಮೇಲೆ ನಾಯಕಿ ತುಟಿಯಾಡಿಸಿದಾಗ ಹೊಮ್ಮುವ ಕಂಠ ಬೀಳಗಿಯದು. ದೇಶಕ್ಕೆ ಬೆದರಿಕೆಯೊಡ್ಡುವ ಪರಕೀಯರನ್ನು ದೂರ ಸರಿಯಿರೆಂದು ಗದರುವ ಹಾಡೊಂದು ಇದರಲ್ಲಿದೆ, ಖಾನ್ ಮಸ್ತಾನಾ ಮತ್ತು ಸಂಗಡಿಗರೊಡನೆ ಅಮೀರಬಾಯಿ ಹಾಡಿದ್ದು. 1942ರ ಚಳವಳಿಯ ಕಾವು ಆರದಿದ್ದ ದಿನಗಳವು. ಗೀತೆಯಲ್ಲಿ ಜರ್ಮನಿ, ಜಪಾನುಗಳ ಹೆಸರನ್ನು ಸೇರಿಸಿದ್ದರಿಂದ ಯುದ್ಧಕಾಲದ ಪರೀಕ್ಷಕರು ಅದನ್ನು ತಡೆಯಲಾಗಲಿಲ್ಲ. ಪರಕೀಯರು ಯಾರೆಂಬುದು ಮಾತ್ರ ಕೇಳುಗರಿಗೆ ಚೆನ್ನಾಗಿ ಗೊತ್ತಿತ್ತು. ಇತಿಹಾಸದ ಪಾಠದಲ್ಲಿ ‘ಭಾರತ ಬಿಟ್ಟು ತೊಲಗಿ’ ಓದುವ ಮಕ್ಕಳಿಗೆ ಈ ಹಾಡನ್ನು ಕೇಳಿಸಿದರೆ ಆ ವರ್ಷಗಳ ಕಾವು ಕಿವಿಗೇ ತಟ್ಟೀತು.

ಅದೇ ಚಿತ್ರದಲ್ಲಿ ಅದಕ್ಕೆ ತೀರ ಬೇರೆಯಾದ ‘ಧೀರೆ ಧೀರೆ’ ಇದೆ. ಮೋಡವೇ, ಸದ್ದು ಮಾಡದೆ ಮೆಲ್ಲಗೆ ಬಾ ಎಂದು ಬೇಡುವ ಜೋಗುಳದಂಥ ಹಾಡು. ಗುಂಪನ್ನು ಎಬ್ಬಿಸಿ ನಿಲ್ಲಿಸುವ ಕಂಠವೇ ಇಲ್ಲಿ ಪಿಸುಮಾತಿನ ಅಂಚಿಗೆ ಇಳಿಯುತ್ತದೆ. ಊರ ಮನೆಗಳಲ್ಲೆಲ್ಲ ದೀಪಾವಳಿಯ ಬೆಳಕಿರುವಾಗ ತನ್ನ ಮನೆ ಕತ್ತಲಲ್ಲಿದೆಯೆನ್ನುವ ಹಾಡನ್ನೂ ಇದರ ಬೆನ್ನಿಗೇ ಕೇಳಿರಿ. ಈ ಮೂರೂ ಒಬ್ಬರವೇ ಎಂದು ಮೊದಲ ಸಲ ಕೇಳುವವರು ನಂಬಲಾರರು. ಹಿನ್ನೆಲೆ ಗಾಯನವೆಂಬ ಕಲೆ ಇನ್ನೂ ಎಳೆಯದಾಗಿದ್ದಾಗಲೇ, ಒಂದೇ ಕಂಠ ಸನ್ನಿವೇಶಕ್ಕೆ ತಕ್ಕಂತೆ ಬಣ್ಣ ಬದಲಿಸುವುದನ್ನು ಅಮೀರಬಾಯಿ ಮಾಡಿ ತೋರಿಸಿದ್ದರು.

ಚಲನಚಿತ್ರದ ಹಾಡು ಬೇಡವೆನ್ನುವ ಮನೆಗಳಿಗೆ ಬೇರೊಂದು ಬಾಗಿಲಿದೆ. ಗಾಂಧೀಜಿಯವರಿಗೆ ಪ್ರಿಯವಾಗಿದ್ದ ನರಸಿಂಹ ಮೆಹತಾರ ಗುಜರಾತಿ ಭಜನೆ ‘ವೈಷ್ಣವ ಜನ ತೋ’ ಅನ್ನು ಅಮೀರಬಾಯಿ ಹಾಡಿದ್ದಾರೆ. ಬೀಳಗಿಯ ಮುಸ್ಲಿಂ ಹೆಣ್ಣುಮಗಳು ಗುಜರಾತಿಯ ವೈಷ್ಣವ ಭಜನೆಯನ್ನು ಹಾಡಿದಾಗ ಅದು ಅಂದಿನ ಕೇಳುಗರಿಗೆ ಸೋಜಿಗವೇನೂ ಆಗಿರಲಿಲ್ಲ.

ಇಂಥ ಕಂಠ ಮರೆವಿಗೆ ಸಂದದ್ದೇಕೆ? ಒಂದು ಕಾರಣ ವೃತ್ತಿಯೊಳಗಿನದು. ಹಿನ್ನೆಲೆ ಗಾಯಕಿಯ ಹೆಸರನ್ನು ಅಚ್ಚು ಹಾಕಿಸುವ ರೂಢಿ ಆಗ ಗಟ್ಟಿಯಾಗಿರಲಿಲ್ಲ. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ತಟ್ಟೆಯ ಮೇಲೆ ಸಹ ಲತಾ ಅವರ ಹೆಸರಿನ ಬದಲು ‘ಕಾಮಿನಿ’ ಎಂಬ ಪಾತ್ರದ ಹೆಸರಿತ್ತು. ಲತಾ ಅವರ ಏಳ್ಗೆಯ ನಂತರ ಕೇಳುಗರ ರುಚಿಯೇ ತೆಳುದನಿಯ ಕಡೆಗೆ ತಿರುಗಿತು, ತುಂಬುದನಿಯವರೆಲ್ಲ ಹಿಂದೆ ಸರಿದರು. 1948ರಲ್ಲಿ ‘ಶಹನಾಝ್’ ಚಿತ್ರಕ್ಕೆ ಸಂಗೀತ ನಿರ್ದೇಶನವನ್ನೂ ಮಾಡಿದ್ದ ಅಮೀರಬಾಯಿ ಕೊನೆಗೆ ಚಿಕ್ಕಪುಟ್ಟ ಪಾತ್ರಗಳಲ್ಲಿ ನಟಿಸಬೇಕಾಯಿತು.

ಇನ್ನೊಂದು ಕಾರಣ ಗಡಿಯವರಾದ ನಮಗೆ ಬೇಗ ಅರ್ಥವಾಗುವಂಥದು. ಅಮೀರಬಾಯಿ ಹಾಡತೊಡಗಿದಾಗ ಬಿಜಾಪುರವೂ ಸೊಲ್ಲಾಪುರವೂ ಒಂದೇ ಮುಂಬಯಿ ಪ್ರಾಂತದ ಜಿಲ್ಲೆಗಳು, ಅಕ್ಕಲಕೋಟೆ ಪ್ರತ್ಯೇಕ ಸಂಸ್ಥಾನ. ಬೀಳಗಿಯಿಂದ ಮುಂಬಯಿಗೆ ಹೋಗುವವರು ಪರರಾಜ್ಯಕ್ಕೆ ಹೋಗುತ್ತಿರಲಿಲ್ಲ. 1956ರ ನವೆಂಬರ್ 1ರಂದು ಬಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಗಡಿ ಬಿದ್ದ ಬಳಿಕ ಕಲಾವಿದರನ್ನೂ ಹಂಚಿಕೊಳ್ಳಲಾಯಿತು. ಕನ್ನಡದ ಸಂಗೀತ ಚರಿತ್ರೆ ಬರೆಯುವವರಿಗೆ ಅಮೀರಬಾಯಿ ಹಿಂದಿಯವರಾಗಿ ಕಂಡರು, ಹಿಂದಿಯ ಚರಿತ್ರೆಗೆ ಅವರು ಲತಾ ಯುಗಕ್ಕೆ ಮುಂಚಿನ ಒಂದು ಹೆಸರು ಮಾತ್ರ. ‘ಕನ್ನಡ ಕೋಗಿಲೆ’ ಎಂಬ ಬಿರುದು ಕಾಗದದ ಮೇಲೆ ಉಳಿಯಿತು. ಆದರೆ ಅವರ ಅಡ್ಡಹೆಸರನ್ನೊಮ್ಮೆ ನೋಡಿರಿ. ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ, ಅವರು ತೀರಿಕೊಂಡು ಎಂಟು ವರ್ಷಗಳಾದ ಮೇಲೆ. ಅದಕ್ಕೆ ದಶಕಗಳ ಹಿಂದೆಯೇ ಮುಂಬಯಿಯ ಚಿತ್ರಲೋಕದಲ್ಲಿ ಈ ಹೆಣ್ಣುಮಗಳು ‘ಕರ್ನಾಟಕಿ’ ಎನಿಸಿಕೊಂಡಿದ್ದರು.

ಇನ್ನು ಕೇಳುವ ಬಗೆ. ಹಳೆಯ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ಪ್ರತಿ ಮಾಡುವಾಗ ವೇಗ ತಪ್ಪಿದ್ದರೆ ದನಿ ಕೀಚಲಾಗುತ್ತದೆ ಇಲ್ಲವೇ ಜಗ್ಗುತ್ತದೆ. ಒಂದೇ ಹಾಡಿನ ಎರಡು ಮೂರು ಪ್ರತಿಗಳನ್ನು ಹುಡುಕಿ ಸಹಜವೆನಿಸುವುದನ್ನು ಆರಿಸಿಕೊಳ್ಳಿರಿ. ಕರಕರ ಸದ್ದನ್ನು ಪೂರ್ತಿ ಅಳಿಸಿದ ಪ್ರತಿಗಳಲ್ಲಿ ಎಷ್ಟೋ ಸಲ ಕಂಠದ ತೂಕವೂ ಅಳಿಸಿಹೋಗಿರುತ್ತದೆ, ತುಸು ಕರಕರವಿದ್ದರೂ ಮೂಲದ್ದೇ ವಾಸಿ. ಬೇರೆಯವರು ಹೊಸದಾಗಿ ಹಾಡಿದ್ದು ಸಿಕ್ಕರೆ ಮೂಲವನ್ನು ಕೇಳುವವರೆಗೆ ಅದನ್ನು ದೂರವಿಡಿರಿ. ಅಮೀರಬಾಯಿಯವರ ಬದುಕನ್ನು ಕುರಿತು ರಹಮತ್ ತರೀಕೆರೆಯವರು ಕನ್ನಡದಲ್ಲಿಯೇ ಪುಸ್ತಕ ಬರೆದಿದ್ದಾರೆ. ಶಾಲೆಯ ಗ್ರಂಥಾಲಯಕ್ಕೆ ತರಿಸಿಕೊಳ್ಳಬೇಕಾದ ಪುಸ್ತಕವದು.

ಸ್ನೇಹಸಮ್ಮೇಳನಕ್ಕೆ ಹಾಡು ಆರಿಸುವವರಿಗೆ ನನ್ನ ಸಲಹೆ: ದೊಡ್ಡ ತರಗತಿಯವರು ಗುಂಪಾಗಿ ‘ಕಿಸ್ಮತ್’ನ ದೇಶಗೀತೆಯನ್ನು ಹಾಡಲಿ. ಚಿಕ್ಕವರಿಗೆ ‘ಗೋರೆ ಗೋರೆ’ ಇರಲಿ, ಆದರೆ ಇಬ್ಬರನ್ನು ನಿಲ್ಲಿಸಿರಿ. ತುಂಬುದನಿಯ ಮಗುವಿಗೆ ಅಮೀರಬಾಯಿಯವರ ಸಾಲುಗಳನ್ನು ಕೊಟ್ಟು, ಹಾಡುವ ಮುನ್ನ ಬೀಳಗಿಯ ಹೆಸರನ್ನು ಆ ಮಗುವಿನಿಂದಲೇ ಹೇಳಿಸಿರಿ.