ಫ್ಲಾಟಿನ ಬೆಕ್ಕಿಗೂ ಒಂದು ಹಿತ್ತಲು ಬೇಕು

ಹೆಂಚಿನ ಮನೆಗಳಲ್ಲಿ ಬೆಕ್ಕಿಗೆಂದು ಯಾರೂ ಏನನ್ನೂ ಮಾಡಿಕೊಡುತ್ತಿರಲಿಲ್ಲ. ಹತ್ತಿ ಕೂರಲು ಅಟ್ಟವಿತ್ತು, ಉಗುರು ಕೆರೆಯಲು ಹಿತ್ತಲ ಮರವಿತ್ತು, ಕೆದಕಿ ಮಲಮೂತ್ರ ಮುಚ್ಚಲು ಸಡಿಲ ಮಣ್ಣಿತ್ತು, ಬೇಟೆಗೆ ಪಣತದ ಇಲಿಗಳಿದ್ದವು. ಜಗಳವಾದರೆ ಬೇಲಿ ಹಾರಿ ದೂರ ಹೋಗಬಹುದಿತ್ತು. ಈಗ ಅದೇ ಬೆಕ್ಕು ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ಬೆಡ್‌ರೂಮಿನ ಫ್ಲಾಟಿನಲ್ಲಿದೆ. ಮನೆ ಬದಲಾಯಿತು, ಬೆಕ್ಕು ಬದಲಾಗಲಿಲ್ಲ. ಸೋಫಾ ಹರಿಯುತ್ತದೆ, ಹಾಸಿಗೆಯ ಮೇಲೆ ಮೂತ್ರ ಮಾಡುತ್ತದೆ, ಬೆಳಗಿನ ಜಾವ ಕೂಗಿ ಎಬ್ಬಿಸುತ್ತದೆ, ಮುದ್ದಿಸಿದರೆ ಕಚ್ಚುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವು ಆ ಅಟ್ಟ, ಮರ, ಮಣ್ಣು, ಬೇಟೆಗಳಲ್ಲಿ ಯಾವುದೋ ಒಂದು ಸಿಗದೆ ಹುಟ್ಟಿದವು. ಉಳಿದವುಗಳ ಹಿಂದೆ ಕಾಯಿಲೆ ಇರುತ್ತದೆ. ಇದಕ್ಕೆಲ್ಲ ನಾವು ಹಠ, ಸೇಡು, ಕೊಬ್ಬು ಎಂದು ಹೆಸರಿಟ್ಟುಬಿಡುತ್ತೇವೆ. ಬೆಕ್ಕನ್ನು ಚೀಲಕ್ಕೆ ಹಾಕಿ ಎಲ್ಲೋ ದೂರ ಬಿಟ್ಟುಬರುವ ಯೋಚನೆ ಶುರುವಾಗುವುದು ಬಹಳ ಸಲ ಅಲ್ಲಿಂದಲೇ.

ಸಾಕು ಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು ಎಂಬುದನ್ನು 2007ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ತೋರಿಸಿಕೊಟ್ಟಿತು. ಸೈಪ್ರಸ್ ದ್ವೀಪದಲ್ಲಿ ಸುಮಾರು 9,500 ವರ್ಷ ಹಿಂದಿನ ಸಮಾಧಿಯೊಂದರಲ್ಲಿ ಮನುಷ್ಯನ ಪಕ್ಕದಲ್ಲೇ ಹೂಳಿದ ಬೆಕ್ಕೂ ಸಿಕ್ಕಿದೆ. ಇಷ್ಟು ಹಳೆಯ ಸಹವಾಸವಿದ್ದರೂ ಬೆಕ್ಕು ನಾಯಿಯಂತೆ ಗುಂಪಿನಲ್ಲಿ ಬೇಟೆಯಾಡುವ ಪ್ರಾಣಿಯಲ್ಲ. ಒಂಟಿಯಾಗಿ ಬೇಟೆಯಾಡುತ್ತದೆ, ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆಯೂ ಆಗಬಹುದು. ಹಾಗಾಗಿ ನೋವನ್ನು ಬಚ್ಚಿಡುತ್ತದೆ. ಅದು ನರಳುವುದು ನಮಗೆ ಕೇಳಿಸುವುದಿಲ್ಲ, ಅದರ ನಡವಳಿಕೆ ಬದಲಾದದ್ದು ಮಾತ್ರ ಕಾಣಿಸುತ್ತದೆ.

ಮೊದಲು ಮೂತ್ರದ ವಿಷಯ, ಏಕೆಂದರೆ ಬೆಕ್ಕು ಮನೆ ಕಳೆದುಕೊಳ್ಳುವುದು ಹೆಚ್ಚಾಗಿ ಇದರಿಂದ. ಇಷ್ಟು ದಿನ ಮರಳು ತುಂಬಿದ ಟ್ರೇಯಲ್ಲೇ ಹೋಗುತ್ತಿದ್ದ ಬೆಕ್ಕು ಇದ್ದಕ್ಕಿದ್ದಂತೆ ಹಾಸಿಗೆಗೋ ಒಗೆಯುವ ಬಟ್ಟೆಯ ರಾಶಿಗೋ ಹೋದರೆ ಮೊದಲ ಕೆಲಸ ಪಶುವೈದ್ಯರಲ್ಲಿ ತೋರಿಸುವುದು. ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಬಹಳ ಸಲ ಸೋಂಕೂ ಸಿಗುವುದಿಲ್ಲ, ಕಲ್ಲೂ ಸಿಗುವುದಿಲ್ಲ, ಆದರೂ ಮೂತ್ರಕೋಶ ಊದಿಕೊಂಡು ಉರಿಯುತ್ತಿರುತ್ತದೆ. ಮನೆಗೆ ಹೊಸಬರು ಬಂದದ್ದು, ಪಕ್ಕದ ಫ್ಲಾಟಿನಲ್ಲಿ ಡ್ರಿಲ್ಲಿಂಗ್ ಶುರುವಾದದ್ದು, ಪಟಾಕಿ ಸದ್ದು, ಇಂಥ ಒತ್ತಡಗಳೇ ಅದನ್ನು ಕೆರಳಿಸಬಲ್ಲವು. ವಯಸ್ಸಾದ ಬೆಕ್ಕಿಗೆ ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇದ್ದರೆ ಮೂತ್ರ ಹೆಚ್ಚಾಗುತ್ತದೆ. ಕೀಲುನೋವಿದ್ದರೆ ಟ್ರೇಯ ಅಂಚು ದಾಟುವುದೇ ಕಷ್ಟ.

ತೆನಾಲಿ ರಾಮಕೃಷ್ಣನ ಬೆಕ್ಕು ಕುದಿಯುವ ಹಾಲಿಗೆ ಬಾಯಿಟ್ಟು ಸುಟ್ಟುಕೊಂಡ ಮೇಲೆ ಹಾಲು ಕಂಡರೆ ಓಡುತ್ತಿತ್ತಲ್ಲ, ಟ್ರೇಯ ವಿಷಯದಲ್ಲಿ ಆಗುವುದೂ ಅದೇ. ಅಲ್ಲಿ ಕೂತಾಗಲೆಲ್ಲ ಉರಿಯಾದರೆ ಬೆಕ್ಕು ಉರಿಗೂ ಜಾಗಕ್ಕೂ ಗಂಟು ಹಾಕಿ ಮೆತ್ತಗಿನ ಬೇರೆ ಜಾಗ ಹುಡುಕುತ್ತದೆ. ಕಾಯಿಲೆ ವಾಸಿಯಾದ ಮೇಲೂ ಆ ಹೆದರಿಕೆ ಉಳಿಯಬಹುದು. ಆಗ ಹೊಸ ಟ್ರೇ, ಹೊಸ ಜಾಗ, ಬೇರೆ ಬಗೆಯ ಮರಳು ಕೊಟ್ಟು ನೋಡಬೇಕು.

ಒಂದು ಲಕ್ಷಣವನ್ನು ಬೆಕ್ಕು ಸಾಕಿದ ಪ್ರತಿಯೊಬ್ಬರೂ ತಿಳಿದಿರಲೇಬೇಕು. ಗಂಡು ಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು ತಿಣುಕುತ್ತದೆ, ಒಂದು ಹನಿಯೂ ಬರುವುದಿಲ್ಲ, ಅಥವಾ ರಕ್ತದ ಹನಿ ಬರುತ್ತದೆ. ಮನೆಯವರು ಮಲಬದ್ಧತೆ ಇರಬೇಕೆಂದು ಸುಮ್ಮನಿರುತ್ತಾರೆ. ಗಂಡು ಬೆಕ್ಕಿನ ಮೂತ್ರನಾಳ ತೀರಾ ಕಿರಿದು. ಅದು ಕಟ್ಟಿಕೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲಿ ಹೃದಯವೇ ನಿಲ್ಲಬಹುದು. ನಾಳೆ ಬೆಳಿಗ್ಗೆ ನೋಡೋಣ ಎನ್ನುವಂತಿಲ್ಲ, ರಾತ್ರಿಯಾದರೂ ಹೊರಡಬೇಕು.

ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಟ್ರೇಯನ್ನು ನೋಡಿ. ಅಂಗಡಿಯಲ್ಲಿ ಸಿಗುವ ಹೆಚ್ಚಿನವು ಬೆಳೆದ ಬೆಕ್ಕಿಗೆ ಚಿಕ್ಕವು. ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು. ಅಗಲವಾದ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಕಡಿಮೆ ಖರ್ಚಿನಲ್ಲಿ ಅಂಗಡಿಯದಕ್ಕಿಂತ ಒಳ್ಳೆಯದಾಗುತ್ತದೆ. ಬಹುಪಾಲು ಬೆಕ್ಕುಗಳಿಗೆ ಇಷ್ಟವಾಗುವುದು ನುಣ್ಣಗಿನ, ವಾಸನೆಯಿಲ್ಲದ, ಒದ್ದೆಯಾದರೆ ಗಟ್ಟಿಕಟ್ಟುವ ಲಿಟರ್, ಅಂದರೆ ಟ್ರೇಗೆ ಹಾಕುವ ಮರಳು. ಲ್ಯಾವೆಂಡರ್ ಪರಿಮಳ ಬೇಕಾಗಿರುವುದು ನಮ್ಮ ಮೂಗಿಗೆ. ಮಲಮೂತ್ರವನ್ನು ದಿನಕ್ಕೆ ಒಮ್ಮೆಯಾದರೂ ತೆಗೆದು ಹಾಕಬೇಕು, ಎರಡು ಸಲವಾದರೆ ಇನ್ನೂ ಚೆನ್ನ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಟ್ರೇ ಇರಲಿ, ಅವು ಬೇರೆ ಬೇರೆ ಕಡೆ ಇರಲಿ. ಊಟದ ಬಟ್ಟಲಿನ ಪಕ್ಕ ಬೇಡ, ವಾಷಿಂಗ್ ಮೆಷಿನ್ನಿನ ಪಕ್ಕವೂ ಬೇಡ.

ತಪ್ಪು ಜಾಗವನ್ನು ಒರೆಸಲು ನಮ್ಮ ಕೈ ಮೊದಲು ಹೋಗುವುದು ಫಿನೈಲ್ ಬಾಟಲಿಗೆ. ದಯವಿಟ್ಟು ಬೇಡ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಬಹಳ ಕಡಿಮೆ. ಒರೆಸಿದ ನೆಲದ ಮೇಲೆ ನಡೆದು ಪಾದ ನೆಕ್ಕಿದರೆ ವಿಷ ಒಳಗೆ ಹೋಗುತ್ತದೆ. ಪೈನ್ ಎಣ್ಣೆ ಇರುವ ಬಿಳಿ ಫಿನೈಲ್ ಕೂಡ ಸುರಕ್ಷಿತವಲ್ಲ. ಜ್ವರಕ್ಕೆಂದು ನಾವು ನುಂಗುವ ಪ್ಯಾರಸಿಟಮಾಲ್ ಬೆಕ್ಕನ್ನು ಕೊಲ್ಲುವುದೂ ಯಕೃತ್ತಿನ ಇದೇ ಕೊರತೆಯಿಂದ. ಮೂತ್ರದ ವಾಸನೆಯನ್ನು ಬುಡದಿಂದ ತೆಗೆಯುವ ಎನ್‌ಜೈಮ್ ಕ್ಲೀನರ್ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುತ್ತದೆ. ಅಮೋನಿಯಾ ಇರುವುದನ್ನಂತೂ ಬಳಸಬಾರದು, ಅದರ ವಾಸನೆ ಮೂತ್ರದಂತೆಯೇ ಇದ್ದು ಬೆಕ್ಕನ್ನು ಅಲ್ಲಿಗೇ ಮತ್ತೆ ಕರೆಯುತ್ತದೆ.

ನಿಂತುಕೊಂಡು, ಬಾಲ ಎತ್ತಿ ನಡುಗಿಸುತ್ತ, ಗೋಡೆಗೋ ಪರದೆಗೋ ಸ್ವಲ್ಪವೇ ಸಿಂಪಡಿಸುವುದು ಬೇರೆಯೇ ಸಂಗತಿ. ಇದು ನನ್ನ ಸರಹದ್ದು ಎಂದು ಬೆಕ್ಕು ಹಾಕುವ ಗುರುತು ಅದು. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹತ್ತು ಗಂಡು ಬೆಕ್ಕುಗಳಲ್ಲಿ ಸುಮಾರು ಒಂಬತ್ತರಲ್ಲಿ ಇದು ನಿಲ್ಲುತ್ತದೆ ಇಲ್ಲವೇ ಬಹಳ ಕಡಿಮೆಯಾಗುತ್ತದೆ. ಆಮೇಲೂ ಸಿಂಪಡಿಸುತ್ತಿದ್ದರೆ ಕಿಟಕಿಯಾಚೆ ನೋಡಿ. ಕಾಂಪೌಂಡಿನ ಮೇಲೆ ದಿನಾ ಬಂದು ಕೂರುವ ಬೀದಿ ಬೆಕ್ಕೊಂದು ಇರಬಹುದು. ಆ ಗಾಜಿನ ಕೆಳಭಾಗಕ್ಕೆ ಕಾಗದ ಅಂಟಿಸಿ ನೋಟ ತಪ್ಪಿಸಿದರೆ ಎಷ್ಟೋ ಮನೆಗಳಲ್ಲಿ ಪರದೆ ಉಳಿಯುತ್ತದೆ. ಆ ಹೊರಗಿನ ಬೆಕ್ಕು ಇನ್ನೊಂದು ತೊಂದರೆಗೂ ಕಾರಣವಾಗಬಲ್ಲದು. ಅದನ್ನು ಕಂಡು ಕೆರಳಿದ ನಮ್ಮ ಬೆಕ್ಕು, ಅದು ಕೈಗೆ ಸಿಗದೆ, ಪಕ್ಕದಲ್ಲಿದ್ದವರ ಕಾಲಿಗೋ ಜೊತೆಯ ಬೆಕ್ಕಿಗೋ ಎರಗುತ್ತದೆ. ಅಂಥ ಹೊತ್ತಿನಲ್ಲಿ ಎತ್ತಿಕೊಳ್ಳಲು ಹೋಗಬೇಡಿ. ಕತ್ತಲೆ ಕೋಣೆಯಲ್ಲಿ ಒಂಟಿಯಾಗಿ ಬಿಟ್ಟರೆ ತಾನೇ ತಣ್ಣಗಾಗುತ್ತದೆ, ಕೆಲವಕ್ಕೆ ಗಂಟೆಗಟ್ಟಲೆ ಬೇಕು.

ಸೋಫಾ ಕೆರೆಯುವುದನ್ನು ನಿಲ್ಲಿಸಲು ಆಗುವುದಿಲ್ಲ, ಬೇರೆ ಕಡೆಗೆ ತಿರುಗಿಸಬಹುದು. ಕೆರೆದಾಗ ಉಗುರಿನ ಹಳೆಯ ಪೊರೆ ಕಳಚುತ್ತದೆ, ಬೆನ್ನು ಹಿಗ್ಗುತ್ತದೆ, ಬೆರಳುಗಳ ನಡುವಿನ ಗ್ರಂಥಿಗಳಿಂದ ವಾಸನೆಯ ಗುರುತು ಬೀಳುತ್ತದೆ. ಮೂರಡಿಯ ಗಟ್ಟಿ ಮರದ ತುಂಡಿಗೆ ತೆಂಗಿನ ನಾರಿನ ಹಗ್ಗವನ್ನೋ ಸೆಣಬಿನ ಹಗ್ಗವನ್ನೋ ಒತ್ತಾಗಿ ಸುತ್ತಿ, ಅಲುಗಾಡದ ಹಾಗೆ ನಿಲ್ಲಿಸಿ. ಅಲುಗಾಡಿದರೆ ಬೆಕ್ಕು ಮತ್ತೆ ಮುಟ್ಟುವುದಿಲ್ಲ. ಅದನ್ನು ಕಣ್ಣಿಗೆ ಕಾಣದ ಮೂಲೆಯಲ್ಲಿ ಇಡುವುದು ಎಲ್ಲರೂ ಮಾಡುವ ತಪ್ಪು. ಇಡಬೇಕಾದದ್ದು ಬೆಕ್ಕು ಈಗ ಕೆರೆಯುತ್ತಿರುವ ಸೋಫಾದ ಪಕ್ಕದಲ್ಲೇ. ಉಗುರು ತೆಗೆಸುವ ಶಸ್ತ್ರಚಿಕಿತ್ಸೆಯ ಮಾತು ಮಾತ್ರ ಬೇಡ. ಅದರಲ್ಲಿ ಉಗುರಿನ ಜೊತೆ ಪ್ರತಿ ಬೆರಳಿನ ಕೊನೆಯ ಮೂಳೆಯೂ ಹೋಗುತ್ತದೆ.

ಕಚ್ಚುವುದಕ್ಕೂ ನಸುಕಿನ ಕೂಗಿಗೂ ಬಹಳ ಸಲ ಒಂದೇ ಬೇರು, ಆಡದೆ ಉಳಿದ ಬೇಟೆ. ಬೆಕ್ಕು ಚುರುಕಾಗುವುದು ಮುಂಜಾನೆ ಮತ್ತು ಮುಸ್ಸಂಜೆ. ರಾತ್ರಿ ಮಲಗುವ ಮುಂಚೆ ಹತ್ತು ಹದಿನೈದು ನಿಮಿಷ ಕೋಲಿಗೆ ಕಟ್ಟಿದ ದಾರದ ತುದಿಯ ಗರಿಯನ್ನು ಇಲಿಯಂತೆ ಓಡಿಸಿ, ಕೊನೆಗೆ ಹಿಡಿಯಲು ಬಿಟ್ಟು, ತಕ್ಷಣ ಊಟ ಹಾಕಿ. ಹೊಂಚು, ಓಟ, ಹಿಡಿತ, ಊಟ, ಮೈ ನೆಕ್ಕುವುದು, ನಿದ್ದೆ, ಇದು ಅದರ ಮೈಯಲ್ಲೇ ಇರುವ ಕ್ರಮ. ಕೂಗಿದಾಗ ಎದ್ದು ಊಟ ಹಾಕಿದರೆ ಕೂಗುವುದನ್ನೇ ಕಲಿಸಿದಂತೆ. ಮರಿಯ ಜೊತೆ ಬರಿಗೈಯಲ್ಲಿ ಆಡಬೇಡಿ, ಬೆಳೆದ ಮೇಲೂ ಅದು ಕೈಯನ್ನೇ ಬೇಟೆ ಎಂದುಕೊಳ್ಳುತ್ತದೆ. ಮುದ್ದಿಸುವಾಗ ಬಾಲ ಪಟಪಟ ಬಡಿಯುವುದು, ಕಿವಿ ಹಿಂದಕ್ಕೆ ಬಾಗುವುದು, ಬೆನ್ನಿನ ಚರ್ಮ ಅದುರುವುದು ಕಂಡ ಕೂಡಲೇ ಕೈ ತೆಗೆಯಿರಿ. ಕಚ್ಚಿ ಗಾಯವಾದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಡಾಕ್ಟರಿಗೆ ತೋರಿಸಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ.

ಮೊಸರನ್ನ, ಹಾಲನ್ನದಲ್ಲೇ ಬೆಳೆಸುವ ಮನೆಗಳಿಗೆ ಒಂದು ಮಾತು. ಟಾರಿನ್ ಎಂಬ ಪೋಷಕಾಂಶ ಸಾಲದಿದ್ದರೆ ಬೆಕ್ಕಿಗೆ ಕುರುಡುತನವೂ ಹೃದ್ರೋಗವೂ ಬರುತ್ತದೆ, ಅದು ಸಿಗುವುದು ಮಾಂಸ, ಮೀನಿನಲ್ಲಿ. ಮನೆಯಲ್ಲಿ ಮಾಂಸ ಬೇಯಿಸದವರು ಟಾರಿನ್ ಸೇರಿಸಿದ ಬೆಕ್ಕಿನ ಆಹಾರವನ್ನೇ ತರಬೇಕು. ಪಕ್ಕದ ಮನೆಯ ಅಡುಗೆಮನೆಗೆ ನುಗ್ಗುವ ಬೆಕ್ಕಿಗೆ ಎಷ್ಟೋ ಸಲ ನಿಜವಾಗಿಯೂ ಹಸಿವಿರುತ್ತದೆ.

ಹೊಡೆಯುವುದು, ಮೂಗನ್ನು ಮೂತ್ರಕ್ಕೆ ಒತ್ತುವುದು, ನೀರು ಎರಚುವುದು, ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಆಗಿಹೋದ ತಪ್ಪಿಗೂ ಈಗಿನ ಪೆಟ್ಟಿಗೂ ಬೆಕ್ಕು ಸಂಬಂಧ ಕಲ್ಪಿಸಿಕೊಳ್ಳಲಾರದು, ಪೆಟ್ಟು ಕೊಟ್ಟವರನ್ನು ಮಾತ್ರ ನೆನಪಿಡುತ್ತದೆ. ಹೆದರಿದ ಬೆಕ್ಕು ಇನ್ನಷ್ಟು ಕಡೆ ಮೂತ್ರ ಮಾಡುತ್ತದೆ.

ಇಷ್ಟೆಲ್ಲ ಮಾಡಿಯೂ ಸರಿಹೋಗದಿದ್ದರೆ ಆತಂಕ ತಗ್ಗಿಸುವ ಮಾತ್ರೆಗಳೂ ಇವೆ. ಅವನ್ನು ಪಶುವೈದ್ಯರೇ ಬರೆದುಕೊಡಬೇಕು, ನಾವಾಗಿಯೇ ಕೊಡುವಂತಿಲ್ಲ. ಅವರಲ್ಲಿಗೆ ಹೋಗುವಾಗ ಘಟನೆಯ ವಿಡಿಯೋವನ್ನು ಫೋನಿನಲ್ಲಿ ಒಯ್ಯಿರಿ. ಯಾವ ಹೊತ್ತು, ಮನೆಯ ಯಾವ ಜಾಗ, ಮುಂಚಿನ ದಿನ ಏನು ಬದಲಾಗಿತ್ತು, ಎಷ್ಟು ನೀರು ಕುಡಿಯಿತು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಪರೀಕ್ಷೆಯ ಮೇಜಿನ ಮೇಲೆ ಬೆಕ್ಕು ಮುದುಡಿ ಕೂರುತ್ತದೆ, ಮನೆಯಲ್ಲಿ ತೋರಿಸುವ ಯಾವ ಲಕ್ಷಣವನ್ನೂ ಅಲ್ಲಿ ತೋರಿಸುವುದಿಲ್ಲ.